ತಾಡಪತ್ರಿಯ ಅಂಚಿಗೆ ಇಟ್ಟ ಕಲ್ಲು

ಕಟ್ಟಿಗೆ ಖೋಲಿಯ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ನೆಲದ ತುಂಬ ಹಳದಿ ಪುಡಿ, ಹಿಟ್ಟಿನ ಗಿರಣಿಗೆ ಬಂದ ಹಾಗಿತ್ತು.

ಒಂದು ಜಾಲಿ ತುಂಡು ಎತ್ತಿ ಕಿವಿಗೆ ಹಿಡಿದೆ. ಒಳಗೆ ಕರ್ರ್ ಕರ್ರ್... ಹುಳುಗಳು ಆರಾಮಾಗಿ ಸಂಸಾರ ಹೂಡಿದ್ದವು. ನನ್ನನ್ನು ಬಿಟ್ಟರೆ ಈ ಮನೆಯಲ್ಲಿ ಜೀವ ಅಂತ ಇದ್ದದ್ದು ಅವೇ.

ನಮ್ಮದು ಬನಹಟ್ಟಿ. ಮನೆಯವರು ತೀರಿಕೊಂಡು ಎರಡು ವರ್ಷವಾಯಿತು, ಮಕ್ಕಳಿಲ್ಲ. ಒಬ್ಬಳ ಅಡುಗೆಗೆ ಗ್ಯಾಸ್ ಸಾಕಾಗಿತ್ತು, ಹಾಗಾಗಿ ಹಿತ್ತಲಿನ ಆ ತಗಡು ಪತ್ರಾಸಿನ ಖೋಲಿಯ ಕಡೆ ನಾನು ಹಾಯ್ದೇ ಇರಲಿಲ್ಲ.

ಜೈನರ ಮನೆಯಲ್ಲಿ ಕಟ್ಟಿಗೆಯನ್ನು ತಂದ ಕೂಡಲೇ ಒಲೆಗೆ ತುರುಕುವಂತಿಲ್ಲ. ಒಂದೊಂದೇ ತುಂಡನ್ನು ಮೆಲ್ಲಗೆ ನೆಲಕ್ಕೆ ಬಡಿದು, ಮೆತ್ತನೆಯ ಬ್ರಶ್‌ನಿಂದ ಸವರಿ, ಬಿದ್ದ ಹುಳುಗಳನ್ನು ಮೊರದಲ್ಲಿ ಒಯ್ದು ಬೇವಿನ ಬುಡಕ್ಕೆ ಬಿಟ್ಟು ಬರಬೇಕು.

ಅದು ನಮ್ಮ ಮನೆಯವರ ಕೆಲಸವಾಗಿತ್ತು. ದಿನಾ ಒಂದು ತಾಸು ಹಿಡಿಯುತ್ತಿತ್ತು. ಅಡುಗೆಗೆ ಹೊತ್ತಾಯಿತೆಂದು ನಾನು ರೇಗಿದರೆ, "ಅವಕ್ಕೂ ಮನಿ ಖಾಲಿ ಮಾಡಾಕ ಟೈಮ್ ಬೇಕಲ್ಲ" ಎಂದು ನಗುತ್ತಿದ್ದರು.

ಈಗ ಖೋಲಿ ತೆರೆದದ್ದಕ್ಕೆ ಕಾರಣವಿತ್ತು. ಬಸದಿಗೆ ಮುನಿ ಮಹಾರಾಜರು ಬಂದಿದ್ದರು. ಅವರ ಆಹಾರಕ್ಕೆ ಅಡುಗೆ ಮಾಡುತ್ತೇನೆಂದು ನಾನೂ ಹೆಸರು ಕೊಟ್ಟಿದ್ದೆ, ಆ ಅಡುಗೆ ನಮ್ಮ ಓಣಿಯಲ್ಲಿ ಇವತ್ತಿಗೂ ಕಟ್ಟಿಗೆ ಒಲೆಯ ಮೇಲೆಯೇ.

ನಿಜ ಹೇಳುತ್ತೇನೆ, ಭಕ್ತಿ ಅರ್ಧ ಮಾತ್ರ.

ಮಹಾರಾಜರು ಯಾರ ಮನೆಗೆ ಬರುತ್ತಾರೋ ಆ ಮನೆಗೆ ಇಡೀ ಓಣಿ ನುಗ್ಗುತ್ತದೆ. ಅಡುಗೆಮನೆಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ನನಗೆ ಅದು ಬೇಕಾಗಿತ್ತು... ಒಂದೇ ಒಂದು ದಿನ ಮನೆ ತುಂಬಬೇಕಾಗಿತ್ತು.

ಬೇರೆ ಯಾರ ಬಳಿಯಾದರೂ ನಾಲ್ಕು ಕಟ್ಟಿಗೆ ಕೇಳಬಹುದಿತ್ತು. ಆದರೆ ನಮ್ಮ ಮನೆಯವರು ತಂದಿಟ್ಟ ಕಟ್ಟಿಗೆಯಲ್ಲೇ ಅಡುಗೆಯಾಗಲಿ ಎಂಬ ಹಟ ನನಗೆ.

ಬೆಳಿಗ್ಗೆಯೇ ಬಡಿಯಲು ಕುಳಿತೆ. ಮೇಲಿನವು ಉದುರಿದವು. ಒಳಗಿನವು ಮಾತ್ರ ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ.

ಪಕ್ಕದ ಮನೆಯ ಸುಮತಿ ಅಕ್ಕ ಗೋಡೆಯ ಆಚೆಯಿಂದ ಇಣುಕಿದರು. "ಅಯ್ಯ, ಹಿಂಗ ಕುಟಗೋಂತ ಕುಂತ್ರ ಮಹಾರಾಜರು ಬಂದು ಹೋಗಿರ್ತಾರವಾ. ಬಿಸಲಿಗಿ ಹಾಕಿ ಮ್ಯಾಲ ತಾಡಪತ್ರಿ ಮುಚ್ಚು. ಝಳಕ್ಕ ತಾವ ಹೊರಗ ಬಂದು ಹೋಗ್ತಾವ."

ಮಾತು ಸರಿ ಅನಿಸಿತು. ಕೊಲ್ಲುವುದಲ್ಲವಲ್ಲ, ಬರೀ ಎಬ್ಬಿಸುವುದು.

ಕಟ್ಟಿಗೆಯನ್ನು ಅಂಗಳಕ್ಕೆ ಹಾಕಿ ಕರಿ ಪ್ಲಾಸ್ಟಿಕ್ ತಾಡಪತ್ರಿ ಮುಚ್ಚಿದೆ. ಮಾರ್ಚ್ ತಿಂಗಳ ಬಿಸಿಲು, ಜೊತೆಗೆ ಗಾಳಿ. ತಾಡಪತ್ರಿ ಹಾರಬಾರದೆಂದು ಸುತ್ತಲೂ ಅಂಚಿಗೆ ಸಾಲಾಗಿ ಕಲ್ಲು ಇಟ್ಟೆ.

ಸಂಜೆ ಹೊತ್ತು ಮುಳುಗುವ ಮುಂಚೆ ತಾಡಪತ್ರಿ ಎತ್ತಿ ನೋಡಿದೆ.

ಹುಳುಗಳು ಹೊರಗೆ ಬಂದಿದ್ದವು. ಕಟ್ಟಿಗೆ ಬಿಟ್ಟು ಅಂಚಿನವರೆಗೂ ಬಂದಿದ್ದವು. ಕಲ್ಲಿನ ಸಾಲಿನ ಒಳಮಗ್ಗುಲಿಗೆ ಒಂದರ ಮೇಲೊಂದು ಸತ್ತು ಬಿದ್ದಿದ್ದವು.

"ಅಕ್ಕಾರ, ಇವು ಹೊರಗ ಬಂದಾವ್ರಿ... ಹೋಗಾಕ ನಾನ ದಾರಿ ಬಿಟ್ಟಿಲ್ರಿ" ಎಂದೆ.

ಸುಮತಿ ಅಕ್ಕ ಗೋಡೆಯ ಆಚೆಯಿಂದ ಬಗ್ಗಿ ನೋಡಿದರು. "ಗೊತ್ತಿಲ್ದ ಆಗೇತಿ, ಬಿಡವಾ. ಯಾರ ಮುಂದನೂ ಹೇಳಬ್ಯಾಡ."

ಹೇಳಲಿಲ್ಲ. ಮರುದಿನ ಮಡಿಯಲ್ಲಿ ಅಡುಗೆ ಮಾಡಿದೆ. ಕಟ್ಟಿಗೆ ಒಂದು ಚೂರೂ ಸದ್ದಿಲ್ಲದೆ ಉರಿಯಿತು.

ಬಾಗಿಲಲ್ಲಿ ಕಲಶ ಹಿಡಿದು ನಿಂತೆ, ಪಕ್ಕದಲ್ಲಿ ಸುಮತಿ ಅಕ್ಕ. ಮಹಾರಾಜರು ಓಣಿಯಲ್ಲಿ ನಡೆದು ಬರುತ್ತಿದ್ದಾರೆ. ಎಲ್ಲ ಬಾಗಿಲುಗಳಿಂದಲೂ ಜನ ನಮೋಸ್ತು ನಮೋಸ್ತು ಎಂದು ಕರೆಯುತ್ತಿದ್ದಾರೆ, ನಾನೂ ಕರೆದೆ.

ಅವರು ನನ್ನ ಮುಂದೆ ನಿಂತರು!

ಮೂರು ಸುತ್ತು ಪ್ರದಕ್ಷಿಣೆ ಹಾಕಿದೆ. ಇನ್ನು ಒಂದು ಮಾತು ಹೇಳಬೇಕು. ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ ಎಂದು ಹೇಳಿದರೆ ಮಾತ್ರ ಅವರು ಒಳಗೆ ಬರುತ್ತಾರೆ.

ಚಿಕ್ಕಂದಿನಿಂದ ಬಾಯಿಪಾಠ ಇದ್ದ ಮಾತು. ನನ್ನ ಬಾಯಿಗೆ ಬರಲೇ ಇಲ್ಲ.

ಸುಮತಿ ಅಕ್ಕ ಮೊಣಕೈಯಿಂದ ತಿವಿದರು. ಅವರೂ ಹೇಳಬಹುದಿತ್ತು... ಹೇಳಲಿಲ್ಲ.

ಮಹಾರಾಜರು ಕಾದರು. ಆಮೇಲೆ ತಲೆ ತಗ್ಗಿಸಿ ಮುಂದೆ ನಡೆದು ಎದುರು ಮನೆಗೆ ಹೋದರು. ಓಣಿಯೂ ಅವರ ಹಿಂದೆ ಹೋಯಿತು. ಅಲ್ಲಿನ ಗದ್ದಲ ನನ್ನ ಅಡುಗೆಮನೆಗೆ ಕೇಳುತ್ತಿತ್ತು.

ಮಧ್ಯಾಹ್ನ ಇಬ್ಬರು ಹೆಂಗಸರು ಬಂದು, "ಯಾಕವಾ, ನಿಂತವರನ್ನ ಹಂಗ ಬಿಟ್ಟಿ?" ಎಂದು ಕೇಳಿದರು. "ಗಂಟಲಾ ಹಿಡಿತ್ರಿ" ಎಂದೆ. ಪಾಪ, ಹೌದೇನೋ ಎಂದುಕೊಂಡು ಹೋದರು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ತುಂಬ ಅತ್ತೆ. ಇದನ್ನು ಯಾರಿಗೂ ಹೇಳಿಲ್ಲ, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸತ್ತ ಹುಳುಗಳಿಗಾಗಿ ಅತ್ತೆ ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವಳು ಅಂದುಕೊಳ್ಳುತ್ತೀರಿ... ಆದರೆ ನಾನು ಅತ್ತದ್ದು, ಅಷ್ಟು ಹತ್ತಿರ ಬಂದವರು ಒಳಗೆ ಬರಲಿಲ್ಲವಲ್ಲ ಎಂದು.