ಮಗ್ಗದ ಮನೆಯ ಮೇಲೊಂದು ಜೋಳದ ಹೊಲ

ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡವನ್ನು ಉಸುಕಿನ ಮೇಲಿಟ್ಟು, ಅದರ ಹೊಟ್ಟೆಗೆ ಒದ್ದೆ ಅರಿವೆ ಸುತ್ತುವುದು ನಮ್ಮ ಬೆಟಗೇರಿಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲದ ವಿದ್ಯೆ. ನನ್ನ ಪಾಂಡಿತ್ಯವೂ ಅಷ್ಟೇ. ಆದರೆ ಕೊಡವನ್ನು ತಂಪು ಮಾಡಬಲ್ಲವಳು ಕೋಣೆಯನ್ನೇಕೆ ಮಾಡಬಾರದು ಎಂಬ ಅಹಂಕಾರ ಒಂದು ಬೇಸಿಗೆಯಲ್ಲಿ ನನ್ನ ತಲೆ ಹೊಕ್ಕಿತು ನೋಡಿ, ಅಲ್ಲಿಂದ ಮುಂದಿನದೆಲ್ಲ ಬನಶಂಕರಿ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕಿರಬೇಕಾದ ಕಥೆ.

ಸ್ವರಾಜ್ಯ ಬಂದ ಹೊಸದು. ಎಲ್ಲವೂ ಹೊಸದಾಗಬೇಕೆಂಬ ಹುರುಪು ಊರಿಗೆಲ್ಲ. ನಮ್ಮ ಹಿತ್ತಲಲ್ಲಿ ಮಗ್ಗ ಹೂಡಿದ್ದ ಸಣ್ಣ ಕೋಣೆಯ ಮಣ್ಣಿನ ಮಾಳಿಗೆ ಮಳೆಗೆ ಕುಸಿದಾಗ ನಾವೂ ಹುರುಪಿನಿಂದಲೇ ತಗಡು ಹೊದಿಸಿದೆವು. ಅದು ಬಿಸಿಲಿಗೆ ಹೊಳೆಯುವುದನ್ನು ಓಣಿಯ ಮಂದಿ ನಿಂತು ನೋಡುತ್ತಿದ್ದರೆ ನಾನು ತಲೆಯ ಮೇಲಿನ ಕೊಡಕ್ಕಿಂತ ಎತ್ತರವಾಗಿ ನಡೆಯುತ್ತಿದ್ದೆ. ಯುಗಾದಿ ಕಳೆದದ್ದೇ ತಿಳಿಯಿತು: ನಾವು ಹೊದಿಸಿದ್ದು ಮಾಡನ್ನಲ್ಲ, ಬೋರಲು ಹಾಕಿದ ರೊಟ್ಟಿಯ ಹಂಚು. ಅದರ ಕೆಳಗೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮ ಮನೆಯವರೇ ರೊಟ್ಟಿ.

ಮನುಷ್ಯ ಬೆವರು ಒರೆಸಿಕೊಂಡು ಕೂತಾನು. ನೂಲಿಗೆ ಆ ಸಹನೆ ಇಲ್ಲ. ಗಾಳಿಯ ಹಸಿ ಆರಿದರೆ ಎಳೆಗಳು ಪಟಪಟನೆ ಹರಿಯುತ್ತವೆ. ಕನ್ನಡ ನಾಡೆಲ್ಲ ಒಂದಾಗಬೇಕೆಂದು ಗದುಗಿನಲ್ಲಿ ಭಾಷಣಗಳಾಗುತ್ತಿದ್ದ ದಿನಗಳವು. ನಮ್ಮ ಹಿತ್ತಲಲ್ಲಿ ಹಾಸು ಹೊಕ್ಕುಗಳೇ ಒಂದಾಗಲು ಒಲ್ಲೆ ಎನ್ನುತ್ತಿದ್ದವು.

"ಸೊಲ್ಲಾಪುರದ ಗಿರಣ್ಯಾಗ ಎಳಿ ಒಣಗಬಾರದಂತ ನೀರಿನ ಹಬಿ ಬಿಡ್ತಾರಂತ," ಎಂದರು ನಮ್ಮ ಮನೆಯವರು ಒಂದು ದಿನ, ಹರಿದ ಎಳೆಗೆ ಗಂಟು ಹಾಕುತ್ತ. "ಇನ್ನೊಂದು ಸೀರಿ ಕೆಟ್ಟರ ನಾನೂ ಸೊಲ್ಲಾಪುರದ ಗಾಡಿ ಹತ್ತಾಂವ ನೋಡು."

ಹಾಗೆ ಗಿರಣಿಗೆಂದು ಹೋದ ನಮ್ಮ ಓಣಿಯ ಗಂಡಸರು ಹಬ್ಬಕ್ಕೆ ಬಂದರೆ ಅವರ ಮಕ್ಕಳೇ ಗುರುತು ಹಿಡಿಯದೆ ತಾಯಿಯ ಹಿಂದೆ ಅಡಗುವುದನ್ನು ನಾನು ಕಂಡಿದ್ದೆ. ಅಂದು ಸಂಜೆ ಬನಶಂಕರಿ ತಾಯಿಯ ಮುಂದೆ ಒಂದರ ಬದಲು ಎರಡು ದೀಪ ಹಚ್ಚಿ, ಮಗ್ಗದ ಕೋಣೆಗಿಷ್ಟು ತಂಪುಗಾಳಿ ಕೊಡು ಎಂದು ಬೇಡಿಕೊಂಡೆ. ಭಕ್ತಿಯಿಂದಲ್ಲ, ಭಯದಿಂದ.

ಗೋಡೆಯಾಚೆ ಫಾತಿಮವ್ವ ಇದ್ದಳು, ಹತ್ತಿ ಹಿಂಜುವ ಮನೆಯವಳು. "ಗಾದಿ ಹೊಚ್ಚಿಕೊಂಡ್ರ ಚಳಿ ಒಳಗ ಬರಂಗಿಲ್ಲ ಹೌದಲ್ಲವ್ವಾ? ಬಿಸಲಿಗೂ ಅದ ನ್ಯಾಯ," ಎಂದು ಕಸಹತ್ತಿ ಕೊಟ್ಟಳು. ಅದನ್ನು ಹಳೆಯ ಗೋಣಿಗಳಲ್ಲಿ ತುಂಬಿ, ತಗಡಿನ ಕೆಳಗೆ ಕಟ್ಟಿ, ದೇವೇಂದ್ರನ ಅರಮನೆ ಮುಗಿಸಿದವಳಂತೆ ನಾನು ಕೈ ಕೊಡವಿಕೊಂಡೆ. ನ್ಯಾಯ ಸರಿಯಾಗಿಯೇ ಇತ್ತು; ಗುಬ್ಬಿಗಳಿಗೆ ಮಾತ್ರ ಹೇಳಿರಲಿಲ್ಲ. ಅವು ಗೋಣಿಯ ತೂತಿನಿಂದ ಹತ್ತಿ ಎಳೆದೆಳೆದು ಗೂಡು ಕಟ್ಟಿದವು. ಮಿಕ್ಕಿದ್ದು ಮಗ್ಗದ ಮೇಲೆ ಉದುರಿ, ನೇಯುತ್ತಿದ್ದ ಕರಿಯ ಚಂದ್ರಕಾಳಿ ಸೀರೆಯೊಳಗೆ ಸೇರಿಕೊಂಡಿತು.

ಅತ್ತೆ ಸೀರೆಯನ್ನು ಬೆಳಕಿಗೆ ಹಿಡಿದರು. "ಬಸುರಿಗೆ ಉಡಸೋ ಸೀರಿಗೆ ನರೆಗೂದಲ ತರಿಸಿದೆಲ್ಲವ್ವಾ! ಇದನ್ನ ನಾನ ಉಡಬೇಕು, ಒಪ್ಪತೈತಿ."

ನಮ್ಮ ಮನೆಯವರು ನಗಲಿಲ್ಲ. ಗಾಡಿಯ ಹೊತ್ತು ಕೇಳಿಕೊಂಡು ಬಂದು ಬಟ್ಟೆಬರೆಯ ಗಂಟು ಕಟ್ಟತೊಡಗಿದರು. ಮಗ್ಗದ ಮೇಲೆ ಹೂಡಿದ್ದ ಇನ್ನೊಂದು ಸೀರೆಯನ್ನು ಹೇಗಾದರೂ ಮುಗಿಸಿ ಹೊರಡುವುದೆಂದು ತೀರ್ಮಾನವಾಯಿತು.

ಅಮಾವಾಸ್ಯೆಯಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಆ ದಿನ ನಾನು ಹತ್ತಿಯ ಗೋಣಿಗಳನ್ನು ಕಿತ್ತೆಸೆದು, ಸೆರಗು ಬಿಗಿದು ಹಳೆಯ ಮಾಳಿಗೆಯ ಮಣ್ಣನ್ನೇ ಕಲಸಿದೆ. ಯಳವತ್ತಿಯ ತವರಿನಿಂದ ಬಂದಿದ್ದ ಜೋಳದ ಹೊಟ್ಟನ್ನು ಅದಕ್ಕೆ ಸೇರಿಸಿ ತುಳಿದೆ. ಹೊಟ್ಟನ್ನು ಕೇರಿ ಹಾಕಬೇಕಿತ್ತು. ಯಾರು ಕೇರಬೇಕು, ಮಣ್ಣಿಗೆ ಹೋಗುವುದು ತಾನೆ ಎಂದುಕೊಂಡೆ. ತಗಡಿನ ಮೇಲೆ ತೊಗರಿಕಟ್ಟಿಗೆ ಹಾಸಿ ಮೆತ್ತಿದೆ. ಒಣಗಿ ಬಿರಿಯದಿರಲೆಂದು ಪಾತ್ರೆ ತೊಳೆದ ನೀರು, ಜಳಕದ ನೀರು ಎಲ್ಲವನ್ನೂ ದಿನಾ ಚಿಮುಕಿಸಿದೆ.

"ಮಂದಿ ತುಳಸಿಗೆ ನೀರ ಹಾಕ್ತಾರ, ನಮ್ಮಕಿ ಮಾಡಿಗೆ ಹಾಕ್ತಾಳ," ಎಂದರು ಅತ್ತೆ.

ನಮ್ಮ ಮನೆಯವರು ಹೊರಡಬೇಕಾಗಿದ್ದ ದಿನ ಬೆಳಿಗ್ಗೆ ಓಣಿಯೇ ನಮ್ಮ ಹಿತ್ತಲಲ್ಲಿ ನಿಂತಿತ್ತು. ಮಾಡಿನ ತುಂಬ ಬೆರಳುದ್ದ ಜೋಳದ ಮೊಳಕೆ! ಹೊಟ್ಟಿನಲ್ಲಿ ಉಳಿದಿದ್ದ ಕಾಳೆಲ್ಲ ಎದ್ದು ನಿಂತಿದ್ದವು. ಫಾತಿಮವ್ವ ಗೋಡೆಯಾಚೆಯಿಂದ ಕೂಗಿದಳು: "ಹಕ್ಕಿ ಹೊಡ್ಯಾಕ ಕವಣಿ ಕಳಸಲೇನವ್ವಾ?"

ನಾನು ಒಳಗೆ ಹೋಗಿ ಬುತ್ತಿ ಕಟ್ಟತೊಡಗಿದೆ. ಗಂಡ ಊರು ಬಿಡುವ ದಿನವೇ ಊರಿಗೆಲ್ಲ ನಗೆಯಾದೆನಲ್ಲ ಎಂದು ಕಣ್ಣು ತುಂಬಿದರೂ, ರೊಟ್ಟಿ ಬಡಿಯುವ ಕೈ ಮಾತ್ರ ತನ್ನ ತಾಳ ಬಿಡಲಿಲ್ಲ. ಹಿತ್ತಲಿನಿಂದ ಮಗ್ಗದ ಸದ್ದೂ ಬರುತ್ತಿತ್ತು. ಸೀರೆಯ ಕೊನೆಯ ಮೊಳ ನೇಯುತ್ತಿದ್ದರು. ಸದ್ದು ಈಗ ನಿಂತೀತು, ಎಳೆ ಹರಿದೀತು ಎಂದು ಕಾದೆ. ನಿಲ್ಲಲಿಲ್ಲ. ರೊಟ್ಟಿ ಮುಗಿದವು, ಪಲ್ಯ ಮುಗಿಯಿತು, ನೆತ್ತಿಗೆ ಹೊತ್ತು ಬಂತು. ಲಟಕ್ ಪಟಕ್ ಎಂದು ಮಗ್ಗ ಆಡುತ್ತಲೇ ಇತ್ತು.

ಬುತ್ತಿ ಹಿಡಿದು ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಹಸಿಮಣ್ಣಿನ ವಾಸನೆ. ಗರ್ಭಗುಡಿಯಂಥ ತಂಪು.

"ಗಾಡಿ ಹೊತ್ತಾತರಿ," ಎಂದೆ. ಹೇಳಬಾರದಾಗಿತ್ತು, ಆದರೂ ಹೇಳಿದೆ.

ಅವರು ಲಾಳಿ ನಿಲ್ಲಿಸಿ, ಮಾಡನ್ನೊಮ್ಮೆ ನೋಡಿದರು. "ಹುಚ್ಚಿ, ಹೊಲ ಇದ್ದಾಂವ ಬೆಳಿ ಬಿಟ್ಟು ಊರಿಗೆ ಹೋಗ್ತಾನೇನ?"

ನೆಲವೇ ಇಲ್ಲದ ನೇಕಾರರ ಮನೆಗೆ ಬನಶಂಕರಿ ತಾಯಿ ಹೊಲ ಕರುಣಿಸಿದ್ದು ಹೀಗೆ. ನಾನು ಬೇಡಿದ್ದು ತಂಪುಗಾಳಿ. ಆಕೆ ಕೊಟ್ಟದ್ದು ನನ್ನ ಮೈಗಳ್ಳತನದ ಸಂದಿಯಿಂದ ಮೊಳೆತ ಹಸಿರು. ನಾನು ಹೊಟ್ಟನ್ನು ಕೇರುವಷ್ಟು ಚೊಕ್ಕ ಹೆಂಗಸಾಗಿದ್ದರೆ ಮಣ್ಣು ತಂಪನ್ನೇನೋ ಕೊಡುತ್ತಿತ್ತು, ಆ ನಗುವನ್ನು ಎಲ್ಲಿಂದ ತರುತ್ತಿತ್ತು? ಬೆಳೆ ತೆನೆಯನ್ನೇನೂ ಕಾಣಲಿಲ್ಲ, ಬಿಡಿ. ಬಿಸಿಲು ಬಾಡಿಸಿತು, ಉಳಿದದ್ದನ್ನು ಫಾತಿಮವ್ವನ ಆಡು ಗೋಡೆ ಹತ್ತಿ ಮೇಯಿತು. ಮಣ್ಣು ಮಾತ್ರ ನಿಂತಿತು.

ಅಂದು ನಾವಿಬ್ಬರೂ ಮಗ್ಗದ ಕುಣಿಯ ಅಂಚಿಗೇ ಕೂತು ಬುತ್ತಿ ಬಿಚ್ಚಿದೆವು. ಸೊಲ್ಲಾಪುರದ ದಾರಿಗೆಂದು ಕಟ್ಟಿದ ರೊಟ್ಟಿ ಹಿತ್ತಲಲ್ಲೇ ಮುಗಿಯಿತು.