ಅತ್ತೆಯ ಮೇಲೆ ಎತ್ತಿದ ಕೈ

ಅತ್ತೆಗೆ ಲಕ್ವಾ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋದಾಗ ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅವರಿಗೆ ಕೈಕಾಲಿನ ಜೊತೆ ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: ‘ಬ್ಯಾಡ’. ಹಸಿವಾದರೂ ಬ್ಯಾಡ, ನೀರು ಬೇಕಾದರೂ ಬ್ಯಾಡ, ಬಟ್ಟೆ ಒದ್ದೆಯಾದರೂ ಬ್ಯಾಡ. ಗಂಡನ ನೌಕರಿ ಬೆಳಗಾವಿಯಲ್ಲಿ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಹಗಲು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಶಾಲೆಗೆ ಹೋಗುವ ಮೊದಲು ಮತ್ತು ಬಂದ ಮೇಲೆ ಎಲ್ಲವೂ ನನ್ನದೇ.

ಮೊದಲ ಸಲ ಹೊಡೆದದ್ದು ಒಂದು ಬೆಳಿಗ್ಗೆ. ಹಾಸಿಗೆ ಬದಲಿಸಿ ರವೆಗಂಜಿ ತಿನ್ನಿಸಲು ಕುಳಿತಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಎಡಗೈಯಿಂದ ಬಟ್ಟಲನ್ನು ತಳ್ಳಿದರು, ಗಂಜಿಯೆಲ್ಲ ಹೊಸ ಚಾದರದ ಮೇಲೆ ಚೆಲ್ಲಿತು. ಆ ಕೈಯ ಮೇಲೆ ಫಟ್ಟನೆ ಹೊಡೆದೆ. ಆಮೇಲೆ ಏನೂ ಆಗಲಿಲ್ಲ. ಬಸ್ಸು ಹಿಡಿದೆ, ಎಂಟನೇ ತರಗತಿಗೆ ಬೀಜಗಣಿತ ಕಲಿಸಿದೆ. ಎರಡನೇ ಸಲಕ್ಕೆ ಅಷ್ಟು ಕಾರಣವೂ ಬೇಕಾಗಲಿಲ್ಲ. ಆಮೇಲಿನವನ್ನು ಲೆಕ್ಕ ಇಡಲಿಲ್ಲ. ಮಗ್ಗಲು ಹೊರಳಿಸುವಾಗ ರಟ್ಟೆಯನ್ನು ಬೇಕೆಂದೇ ಬಿಗಿಯಾಗಿ ಹಿಡಿಯುತ್ತಿದ್ದೆ. ಯಾರಿಗೂ ಹೇಳಲು ಅವರಿಗೆ ಬಾಯಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ವಾರಕ್ಕೆರಡು ಸಂಜೆ ಹುಬ್ಬಳ್ಳಿಯಿಂದ ಫಿಜಿಯೋಥೆರಪಿಯವರು ಬರುತ್ತಿದ್ದರು. ನನ್ನ ವಯಸ್ಸಿನ ಹೆಂಗಸು. ತಂದೆಯ ಕಾಲಕ್ಕೇ ಬೌದ್ಧರಾದ ಮನೆತನ. ಒಂದು ಸಂಜೆ ಅತ್ತೆಯ ಕುಪ್ಪಸದ ತೋಳು ಸರಿಸಿದವರು ಅಲ್ಲೇ ನಿಂತರು. ನಾಲ್ಕು ಬೆರಳಿನ ನೀಲಿ ಗುರುತು ಮೂಡಿತ್ತು.

“ಇದು ಹೆಂಗಾತ್ರಿ?”

“ಮಂಚದ ಪಟ್ಟಿ ಬಡದಿರಬೇಕ್ರಿ.”

ಅವರು ವ್ಯಾಯಾಮ ಮಾಡಿಸಿದರು. ಹೊರಟಾಗ ಬಾಗಿಲಲ್ಲಿ ಕೇಳಿದರು, “ಸಿಟ್ಟು ಬರೂಕಿಂತ ಮೊದ್ಲ ಅದು ನಿಮ್ಮ ಮೈಯಾಗ ಎಲ್ಲಿ ಗೊತ್ತಾಗತೈತ್ರಿ?”

“ನನಗೇನ ಸಿಟ್ಟಿಲ್ರಿ.”

“ಇನ್ನೊಮ್ಮೆ ಇಂಥಾದ್ದು ಕಂಡ್ರ ನಿಮ್ಮ ಯಜಮಾನ್ರಿಗೆ ಹೇಳಬೇಕಾಗತೈತಿ. ಐತವಾರ ನಮ್ಮ ವಿಹಾರಕ್ಕ ಬರ್ರಿ. ಒಂದ ತಾಸು ಕಣ್ಣು ಮುಚ್ಚಿ ಕುಂದ್ರೂದು, ಅಷ್ಟ.”

ಹೆದರಿಕೆಯಿಂದ ಹೋದೆ, ಭಕ್ತಿಯಿಂದಲ್ಲ. “ಆ ಓಣಿಗೆ ಯಾಕ ಹೋಗ್ತಿ? ನಮ್ಮ ಮಠ ಇಲ್ಲೇನು?” ಎಂದರು ಗಂಡ. ಬೆನ್ನುನೋವಿಗೆ ಆಸನ ಕಲಿಸುತ್ತಾರೆ ಎಂದು ಸುಳ್ಳು ಹೇಳಿದೆ.

ವಿಹಾರವೆಂದರೆ ತಗಡಿನ ಮಾಡಿನ ಒಂದು ಕೋಣೆ, ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಉಸಿರು ನೋಡಿರಿ ಎಂದರು ಅಲ್ಲಿಯವರು. ನನಗೆ ಕಂಡದ್ದು ಬರೀ ಮನೆಗೆಲಸದ ಪಟ್ಟಿ. ಆದರೂ ದಿನಾ ನಸುಕಿನಲ್ಲಿ ಮನೆಯಲ್ಲೇ ಅರ್ಧ ತಾಸು ಕೂರುವ ರೂಢಿಯಾಯಿತು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮತ್ತೆ ಬಟ್ಟಲು ತಳ್ಳಿದರು. ನನ್ನ ಎಡದವಡೆ ಕಚ್ಚಿಕೊಂಡದ್ದು ಗೊತ್ತಾಯಿತು, ಆಮೇಲೆ ಅಂಗೈ ಬಿಸಿಯಾದದ್ದು. ಕೈ ಮೇಲೆದ್ದಿತ್ತು. ಇಳಿಸಿದೆ. ಅಡುಗೆಮನೆಗೆ ಹೋಗಿ ಉಸಿರು ತಣ್ಣಗಾಗುವವರೆಗೆ ನಿಂತೆ. ಅವತ್ತು ಬಸ್ಸು ತಪ್ಪಿತು.

ಆಮೇಲೆ ನಾನು ಹೊಡೆಯಲಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿ ಮೊದಲ ಪಿರಿಯಡ್ ಬಿಡಿಸಿಕೊಂಡೆ. ಅತ್ತೆಯ ಪೂಜೆ ನಿಂತು ತಿಂಗಳುಗಳಾಗಿದ್ದವು. ಅವರ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ವಿಭೂತಿ ಧರಿಸುವ ಕೆಲಸ ನಾನು ಮಾಡತೊಡಗಿದೆ. ಸಿಟ್ಟು ಮಾತ್ರ ಎಲ್ಲಿಯೂ ಹೋಗಲಿಲ್ಲ, ದಿನಾ ಬಂತು. ಅತ್ತೆಯ ಹೆದರಿಕೆಯೂ ಹೋಗಲಿಲ್ಲ. ನಾನು ಹತ್ತಿರ ಬಂದರೆ ಕಣ್ಣು ಬಿಗಿಯಾಗಿ ಮುಚ್ಚಿ ಎಡಗೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು.

“ನಾ ಬದಲಾಗೇನ್ರಿ. ಅವರಿಗ್ಯಾಕ ತಿಳಿಯವಲ್ತು?” ಎಂದು ಫಿಜಿಯೋಥೆರಪಿಯವರನ್ನು ಕೇಳಿದೆ.

“ಅವರ ಮೈಗೆ ನೆನಪೈತ್ರಿ. ಅದನ್ನ ಅಳಸೂದು ನಿಮ್ಮ ಕೈಯಾಗಿಲ್ಲ,” ಎಂದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಅತ್ತೆ ತೀರಿಕೊಂಡರು. ಶಿವಗಣಾರಾಧನೆಯ ದಿನ, ಹೆಬ್ಬಳ್ಳಿಗೆ ಕೊಟ್ಟಿರುವ ನಾದಿನಿ ಬಂದವರೆಲ್ಲರ ಎದುರು ನನ್ನ ಕೈ ಹಿಡಿದಳು. “ಹೊಟ್ಟೀಲೆ ಹುಟ್ಟಿದ ನಾನೂ ಇಷ್ಟು ಮಾಡ್ತಿದ್ದಿಲ್ರಿ ವೈನಿ,” ಎಂದಳು. ವಿಹಾರದಲ್ಲಿ ಪ್ರತಿ ವಾರ ಪಂಚಶೀಲದ ಐದು ಪ್ರತಿಜ್ಞೆ ಹೇಳುವಾಗ, ಸುಳ್ಳಾಡುವುದಿಲ್ಲ ಎಂಬಲ್ಲಿ ನನ್ನ ದನಿ ಸಣ್ಣದಾಗುತ್ತಿತ್ತು. ಊಟವಾದ ಮೇಲೆ ನಾದಿನಿಯನ್ನು ಹಿತ್ತಲಿಗೆ ಕರೆದೆ.

“ಅವ್ವಗ ನಾ ಹೊಡದೇನಿ. ಮೊದಮೊದಲು. ಭಾಳ ಸಲ.”

ಅವಳು ನನ್ನನ್ನೇ ನೋಡಿದಳು. “ಮಾತ ಬರದಾಕಿಗೆ?”

“ಹೌದು.”

ಒಳಗೆ ಹೋಗಿ ಚೀಲ ತೆಗೆದುಕೊಂಡು ಅಣ್ಣನ ಹತ್ತಿರ ಏನೋ ಹೇಳಿ ಹೊರಟುಹೋದಳು. ಅವತ್ತಿನಿಂದ ಈ ಮನೆಗೆ ಬಂದಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಗಂಡನ ಬೈಗುಳಕ್ಕೆ ಕಾದೆ. ಅವರು ಕಪ್ಪನ್ನು ಕೆಳಗಿಟ್ಟರು.

“ನನಗ ಗೊತ್ತಿತ್ತು,” ಎಂದರು. “ಕೇಳಿದ್ರ ಅವ್ವನ್ನ ನಾನ ನೋಡ್ಕೋಬೇಕಾಗ್ತಿತ್ತು.”

ಆಮೇಲೆ ನಮ್ಮಿಬ್ಬರಲ್ಲಿ ಈ ಮಾತು ಬಂದಿಲ್ಲ. ಅವರು ಈಗ ಧಾರವಾಡಕ್ಕೇ ವರ್ಗ ಮಾಡಿಸಿಕೊಂಡಿದ್ದಾರೆ. ಐತವಾರ ನನ್ನನ್ನು ಸ್ಕೂಟರಿನಲ್ಲಿ ವಿಹಾರಕ್ಕೆ ಬಿಡುತ್ತಾರೆ. ಒಳಗೆ ಬರುವುದಿಲ್ಲ. ಒಂದು ತಾಸು ವೆಲ್ಡಿಂಗ್ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದು, ನಾನು ಹೊರಬಂದಾಗ ಏನನ್ನೂ ಕೇಳದೆ ಗಾಡಿ ಚಾಲೂ ಮಾಡುತ್ತಾರೆ.