ಬೈಗಾದರೆ ಬೀಳುವ ರೆಪ್ಪೆ

ಬಸರಾಳಿನ ಚಿಕ್ಕನಂಜಮ್ಮನಿಗೆ ಬಂದ ಕಾಯಿಲೆಗೆ ಒಂದು ಕೆಟ್ಟ ಗುಣವಿತ್ತು. ನೋಡಬೇಕಾದವರ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ಹೊತ್ತಾರೆ ಎದ್ದಾಗ ಅವಳು ಗಟ್ಟಿ. ಕೊಟ್ಟಿಗೆ ಬಾಚುವಳು, ನೀರು ಸೇದುವಳು, ತುಂಬಿದ ಕೊಡ ತಲೆಗೇರಿಸಿಕೊಂಡು ಏರಿಯ ಮೇಲೆ ನೆಟ್ಟಗೆ ನಡೆದು ಬರುವಳು. ಕೆಲಸ ಮಾಡಿದಂತೆಲ್ಲ ಮೈ ಕೈಕೊಡುತ್ತಾ ಬರುವುದು. ಬೈಗಿನ ಹೊತ್ತಿಗೆ ರೆಪ್ಪೆಗಳು ತಾವಾಗಿ ಬಿದ್ದು ಕಣ್ಣು ಅರೆ ಮುಚ್ಚಿರುತ್ತಿದ್ದವು. ಒಂದು ದೀಪ ಎರಡಾಗಿ ಕಾಣುತ್ತಿತ್ತು. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಇಳಿದುಬಿಡುತ್ತಿತ್ತು. ಮುದ್ದೆಯ ತುತ್ತು ಗಂಟಲಲ್ಲಿ ನಿಂತಿತೆಂದು ನೀರು ಕುಡಿದರೆ ಆ ನೀರು ಮೂಗಿನಿಂದ ಬರುತ್ತಿತ್ತು. ಮಲಗಿ ಎದ್ದರೆ ಮತ್ತೆ ಎಲ್ಲ ಸರಿ.

ಅತ್ತೆ ಪುಟ್ಟಮಾದಮ್ಮನಿಗೆ ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ.

"ನೋಡ್ದೇನ್ಲಾ ಮರಿಸಿದ್ದ, ಮುಸುರೆ ಕಂಡ್ರೆ ಸಾಕು ನಿನ್ನೆಂಡ್ರಿಗೆ ಕಣ್ಣು ಬಿದ್ದೋಯ್ತವೆ. ಒತ್ತಾರೆ ಬಾವಿ ತಾವ ಅರಟೆ ಒಡಿಯಾಕೆ ಮಾತ್ರ ಎಲ್ಲಿಲ್ಲದ ಸಕ್ತಿ!"

ಮಗ ಮರಿಸಿದ್ದಯ್ಯ ಅತ್ತಲೂ ಆಡದ ಇತ್ತಲೂ ಆಡದ ಮನುಷ್ಯ. ಅವ್ವ ಬೈದರೆ ಎತ್ತಿಗೆ ಹುಲ್ಲು ಹಾಕಲು ಎದ್ದು ಹೋಗುವನು. ಅವನ ಎತ್ತುಗಳು ಆ ವರ್ಷ ಚೆನ್ನಾಗಿ ಮೇದವು.

ಆದರೆ ಮಾತು ಬರೀ ಬೈಗುಳಕ್ಕೆ ನಿಲ್ಲಲಿಲ್ಲ. ಸುಗ್ಗಿ ಕಳೆಯುತ್ತಲೇ ಸೊಸೆಯನ್ನು ಮಳವಳ್ಳಿ ಕಡೆಯ ತೌರಿಗೆ ಬಿಟ್ಟು ಬರುವುದು, ವೈದ್ಯನಾಥಪುರದಲ್ಲಿರುವ ತನ್ನ ಅಣ್ಣನ ಮಗಳನ್ನು ಮಗನಿಗೆ ತರುವುದು ಎಂದು ಪುಟ್ಟಮಾದಮ್ಮ ನೆಂಟರಿಗೆಲ್ಲ ಸಾರಿದಳು. ಕಾಯಿಲೆ ಎಂದು ಯಾರಾದರೂ ತಿಳಿದವರು ಹೇಳಿದರೆ ಚಿಕ್ಕನಂಜಮ್ಮ ಉಳಿದಳು. ಇಲ್ಲದಿದ್ದರೆ ಮೈಗಳ್ಳಿ ಎಂಬ ಹೆಸರು ಹೊತ್ತು ತೌರಿಗೆ ನಡೆಯಬೇಕು.

ತಿಳಿದವರೋ, ಎಲ್ಲರೂ ಹೊತ್ತಾರೆಯವರು. ನಾಡಿ ನೋಡುವ ಪಂಡಿತ ಶಿವಯ್ಯ ಬಿಸಿಲೇರುವ ಮುಂಚೆ, ಖಾಲಿ ಹೊಟ್ಟೆಯಲ್ಲೇ ಕೈ ಹಿಡಿಯುವವನು.

"ಬೈಗೆ ಬಂದು ನೋಡಿ ಪಂಡಿತಪ್ಪ," ಎಂದಳು ಚಿಕ್ಕನಂಜಮ್ಮ.

"ಬೈಗೆ ನಾಡಿ ಸುಳ್ಳು ಹೇಳ್ತದೆ ಕಣಮ್ಮ."

"ಒತ್ತಾರೆ ನಾನೇ ಸುಳ್ಳಾಯ್ತೀನಲ್ಲ, ಅದಕ್ಕೇನು ಮಾಡ್ಲಿ?"

ಶಿವಯ್ಯ ಕಷಾಯ ಕೊಟ್ಟ. ದೇವರು ಮೈಮೇಲೆ ಬರುವ ಗುಡ್ಡಪ್ಪನನ್ನು ಕೇಳೋಣವೆಂದರೆ ಅವನಿಗೂ ದೇವರು ಬರುತ್ತಿದ್ದುದು ಸೋಮವಾರ ಹೊತ್ತಾರೆ. ಈ ಊರಿನ ದೇವರಿಗೂ ಬೈಗೆ ಬಿಡುವಿಲ್ಲವೇ ಎಂದು ಅವಳಿಗೆ ಅಳುವಂತಾಯಿತು.

ಕೊನೆಗೆ ತೌರಿನವರು ನ್ಯಾಯ ಎತ್ತಿದ ಮೇಲೆ, ಮಂಡ್ಯದ ಆಸ್ಪತ್ರೆಗೆ ಒಮ್ಮೆ ತೋರಿಸಿ ಆಮೇಲೆ ಏನಾದರೂ ಮಾಡಿಕೊಳ್ಳಿ ಎಂದಾಯಿತು. ಕೋಳಿ ಕೂಗುವಾಗ ಗಾಡಿ ಕಟ್ಟಿದರು. ದಾರಿಯುದ್ದಕ್ಕೂ ಹುಲ್ಲಿನ ಮೇಲೆ ಒರಗಿ ಬಂದದ್ದರಿಂದ ಮೈ ಇನ್ನೂ ಹಗುರವಾಗಿಬಿಟ್ಟಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಅವಳು ಗಾಡಿಯಿಂದ ಚಂಗನೆ ಇಳಿದದ್ದನ್ನು ಅತ್ತೆ ನೋಡಿದಳು. ಅತ್ತೆ ನೋಡಿದ್ದನ್ನು ಸೊಸೆಯೂ ನೋಡಿದಳು. ತನ್ನ ಕಾಲಿನ ಮೇಲೆ ತನಗೇ ರೇಗಿತು.

ಡಾಕ್ಟರು ಯುದ್ಧದ ಆಸ್ಪತ್ರೆಯಲ್ಲಿದ್ದು ಆಗತಾನೆ ಹಿಂದಿರುಗಿದ್ದವರು. ನಾಲಿಗೆ ನೋಡಿದರು, ಎದೆ ನೋಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು.

"ಏನೂ ಕಾಣ್ತಾ ಇಲ್ಲವಲ್ಲಮ್ಮ."

"ಕಾಣಾಕಿಲ್ಲ ಸ್ವಾಮಿ!" ಎಂದು ಚಿಕ್ಕನಂಜಮ್ಮ ಸಿಡಿದಳು. "ಒತ್ತಾರೆ ಯಾರಿಗೆ ಕಂಡೈತೆ? ನಿಮಗೆ ಕಾಣ್ಬೇಕು ಅಂದ್ರೆ ನನ್ ಕೈಲಿ ಒಂದು ಮೊರ ರಾಗಿ ಬೀಸ್ಸಿ, ಆಮ್ಯಾಕೆ ನೋಡಿ!"

ಪುಟ್ಟಮಾದಮ್ಮ ಹಣೆ ಚಚ್ಚಿಕೊಂಡಳು. ಡಾಕ್ಟರು ಮಾತ್ರ ಸುತ್ತಿಗೆ ಕೆಳಗಿಟ್ಟರು.

"ದುಡಿದರೆ ಬರ್ತದೆ, ಸುಧಾರಿಸಿಕೊಂಡರೆ ಹೋಗ್ತದೆ. ಹಾಗಾ?"

"ಊ ಸ್ವಾಮಿ. ಇದನ್ನ ಇವತ್ತಿನಗಂಟ ಯಾರೂ ಕೇಳ್ನಿಲ್ಲ."

ಡಾಕ್ಟರು ಕಾಂಪೌಂಡರ್ ನಜೀರ್ ಅಹ್ಮದರನ್ನು ಕರೆದು, ಅಡುಗೆ ಕೋಣೆಯ ಹಿಂದೆ ಬೀಸುವ ಕಲ್ಲು ಇದೆಯೇ ಎಂದರು.

"ಅದೆ ಸಾರ್. ಆದರೆ ರೋಗಿಗೆ ಬೀಸೋ ಕಲ್ಲು ಬರೆದುಕೊಟ್ಟ ಡಾಕ್ಟರನ್ನ ನಾನು ನೋಡಿದ್ದಿಲ್ಲ," ಎಂದರು ನಜೀರ್ ಅಹ್ಮದ್.

ಕಲ್ಲು ದೊಡ್ಡದು. ಗೂಟಕ್ಕೆ ಎದುರುಬದುರು ಇಬ್ಬರು ಕೂರಬೇಕು. ಕೂರಬೇಕಾದ ಪುಟ್ಟಮಾದಮ್ಮ, "ಊರು ಬುಟ್ಟು ಬಂದು ಆಸ್ಪತ್ರೇಲಿ ರಾಗಿ ಬೀಸಾಕೆ ನನಗೇನು ಬುದ್ಧಿ ಕೆಟ್ಟಿಲ್ಲ," ಎಂದು ಸೆರಗು ಕೊಡವಿದಳು. ಎದ್ದು ಹೋಗೋಣವೆಂದರೆ ಮರಿಸಿದ್ದಯ್ಯ ಗಾಡಿಯ ಎತ್ತುಗಳಿಗೆ ಆಗಲೇ ಹುಲ್ಲು ಹಾಕಿ ಬಂದಿದ್ದ. ಡಾಕ್ಟರು ಅವನನ್ನೇ ಕೂರಿಸಿದರು. ಮದ್ದಿಗೆ ಕಾದಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಗಂಡಸು ಬೀಸ್ತಾವ್ನೆ ಬನ್ರೇ!"

ಚಿಕ್ಕನಂಜಮ್ಮ ರೂಢಿಯಂತೆ ಹಾಡು ಎತ್ತಿಕೊಂಡಳು. ಮೊದಮೊದಲು ದನಿ ಗಂಟೆಯಂತಿತ್ತು. ಕಲ್ಲು ತಿರುಗುತ್ತ ತಿರುಗುತ್ತ ದನಿ ಮೂಗಿಗೆ ಇಳಿಯಿತು, ಆಮೇಲೆ ಮಾತುಗಳು ಒಂದಕ್ಕೊಂದು ಅಂಟಿಕೊಂಡವು. ಒಂದು ರೆಪ್ಪೆ ಬಿತ್ತು, ಹಿಂದೆಯೇ ಇನ್ನೊಂದು. ಗೂಟದ ಮೇಲೆ ಅವಳ ಕೈ ಇತ್ತು, ಆದರೆ ಕೈಯೊಳಗೆ ಬಲವಿರಲಿಲ್ಲ. ಕಲ್ಲಿನ ಭಾರವೆಲ್ಲ ತನ್ನ ಕೈಗೆ ಬಂದದ್ದು ಮರಿಸಿದ್ದಯ್ಯನಿಗೆ ತಿಳಿಯಿತು. ಅವನು ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಅವಳು ನೋಡಲಾಗದೆ ಗದ್ದ ಎತ್ತಿ, ರೆಪ್ಪೆಯ ಸಂದಿಯಿಂದ ಅವನನ್ನು ಹುಡುಕುತ್ತಿದ್ದಳು.

ಡಾಕ್ಟರು ಅಲ್ಲೇ ತೋಳಿಗೆ ಸೂಜಿ ಹಾಕಿಸಿದರು. ವೀಳ್ಯ ಹಾಕಿ ಉಗಿಯುವಷ್ಟು ಹೊತ್ತಾದ ಮೇಲೆ ರೆಪ್ಪೆ ಮೇಲೇಳಲು ಶುರುವಾಯಿತು. ಇನ್ನಷ್ಟು ಹೊತ್ತಿಗೆ ದನಿ ಮೂಗು ಬಿಟ್ಟು ಗಂಟಲಿಗೆ ಬಂತು. "ಅತ್ತೆವ್ವ, ಈಗ ನೀವು ಒಬ್ಬರೇ ಕಾಣ್ತೀರಿ," ಎಂದಳು.

"ಇದು ನರ ಮಾಂಸಕ್ಕೆ ಮಾತು ಮುಟ್ಟಿಸೋ ಕಡೆ ಇರೋ ದೋಷ," ಎಂದರು ಡಾಕ್ಟರು. "ನರ ಅಂದರೆ ಕೈಮೇಲೆ ಹಸಿರಾಗಿ ಕಾಣ್ತದಲ್ಲ, ಅದಲ್ಲ. ಅದು ರಕ್ತದ್ದು. ಇದು ಬಿಳಿ ದಾರದ ಹಾಗಿರ್ತದೆ. ಇದರಲ್ಲಿ ಹರಿಯೋದು ಒಂದು ಬಗೆ ಕರೆಂಟು."

ಪುಟ್ಟಮಾದಮ್ಮ ಸೊಸೆಯ ಪಕ್ಕದಿಂದ ಸರಿದು ಕೂತಳು. "ಮುಟ್ಟುದ್ರೆ ಒಡೀತದಾ?"

"ಇಲ್ಲಮ್ಮ, ಬಲು ಸಣ್ಣದು. ನರದ ಪೊರೆ ಒಳಗೊಂದು ಬಗೆ ಉಪ್ಪು, ಹೊರಗೊಂದು ಬಗೆ ಉಪ್ಪು ತಡೆದು ನಿಲ್ಲಿಸಿರ್ತದೆ, ಗದ್ದೆ ಬದು ನೀರು ತಡೆದ ಹಾಗೆ. ಒಂದು ಕಡೆ ಬದು ಒಡೀತು ಅನ್ನಿ. ಆ ನೂಕಿಗೆ ಪಕ್ಕದ್ದು ಒಡೀತದೆ, ಅದರ ನೂಕಿಗೆ ಅದರ ಪಕ್ಕದ್ದು. ಹಿಂದಿನದು ಆಗಲೇ ಕೂಡಿಕೊಂಡಿರ್ತದೆ. ಹೀಗೆ ಒಡೀತಾ ಕೂಡ್ತಾ ಸುದ್ದಿ ನರದ ತುದಿಗೆ ಓಡ್ತದೆ. ಆದರೆ ತುದಿ ಮಾಂಸಕ್ಕೆ ಅಂಟಿಕೊಂಡಿಲ್ಲ. ನಡುವೆ ಸಂದು."

"ಅಯ್ಯೋ ಸಿವನೇ, ಕಿತ್ಕಂಡ್ ಬಂದದಾ?"

"ನಿಮ್ಮದೂ ಅಂಟಿಲ್ಲ ಕಣಮ್ಮ. ಯಾರದೂ ಅಂಟಿಲ್ಲ."

"ನನ್ನವೆಲ್ಲ ಗಟ್ಟಿಯಾಗಿ ಅಂಟ್ಕಂಡವೆ! ನಮ್ಮವ್ವ ಎತ್ತಾಗ್ಲೇ ಅಂಟ್ಸಿದ್ಲು!"

ನಜೀರ್ ಅಹ್ಮದ್ ಮುಖ ತಿರುಗಿಸಿಕೊಂಡರು. ಡಾಕ್ಟರು ಉಸಿರು ಬಿಟ್ಟು ಮುಂದುವರಿಸಿದರು. ಕರೆಂಟು ಆ ಸಂದು ದಾಟಲಾರದು. ನರದ ತುದಿಯಿಂದ ಒಂದು ರಸ ಜಿನುಗಿ ಅತ್ತ ದಡದ ಮಾಂಸಕ್ಕೆ ತಾಕುತ್ತದೆ, ಆಗ ಮಾಂಸ ಬಿಗಿಯುತ್ತದೆ. ಜಿನುಗಿದ ರಸವನ್ನು ಒರೆಸಿ ಹಾಕಲು ಮೈಯಲ್ಲಿ ಇನ್ನೊಂದು ರಸ ಇದೆ. ಚಿಕ್ಕನಂಜಮ್ಮನಿಗೆ ದುಡಿದಂತೆಲ್ಲ ಆ ತಾಕುವಿಕೆ ಸಾಲದೆ ಹೋಗುತ್ತದೆ. ಏಕೆಂದು ಯಾರಿಗೂ ಇನ್ನೂ ಗೊತ್ತಿಲ್ಲ. ಈ ಮದ್ದು ಒರೆಸುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಇದ್ದ ರಸ ಇನ್ನಷ್ಟು ಹೊತ್ತು ಉಳಿಯುತ್ತದೆ. "ವಾಸಿ ಮಾಡೋ ಮದ್ದಲ್ಲ. ಗುಳಿಗೆ ಕೊಡ್ತೀನಿ, ಬೈಗಿನ ಊಟಕ್ಕೆ ಮುಂಚೆ ನುಂಗು. ಯುದ್ಧದಿಂದ ಮದ್ದಿನ ಸರಕು ಸರಿಯಾಗಿ ಬರ್ತಿಲ್ಲ, ದಿನಕ್ಕೆ ಒಂದೇ. ಇರೋ ಕೆಲಸವನ್ನ ಬೆಳಿಗ್ಗೆಯೇ ಮುಗಿಸು."

ಇಷ್ಟೆಲ್ಲ ಮಾತಿನಲ್ಲಿ ಪುಟ್ಟಮಾದಮ್ಮನ ತಲೆಗೆ ಹತ್ತಿದ್ದು ಉಪ್ಪು ಒಂದೇ. ಊರಿಗೆ ಬಂದವಳೇ ಸಾರಿಗೆ ಹಿಡಿ ಉಪ್ಪು ಸುರಿದಳು. ಮನೆಯವರೆಲ್ಲ ಬಾಯಿ ಸುಟ್ಟುಕೊಂಡರು. ಸೂಜಿಯ ಬಲ ದಾರಿಯಲ್ಲೇ ಇಳಿದಿತ್ತು. ಚಿಕ್ಕನಂಜಮ್ಮ ಗುಳಿಗೆ ನುಂಗಿ, ಅದು ಕೆಲಸ ಹಿಡಿಯಲೆಂದು ಗೋಡೆಗೆ ಒರಗಿ ಕಾಯುತ್ತಿದ್ದಳು. ರೆಪ್ಪೆ ಬಿದ್ದಿದ್ದನ್ನು ಕಂಡು ಅತ್ತೆಗೆ ಹೊಸ ದಾರಿ ಹೊಳೆಯಿತು.

"ಈಗ ಗೊತ್ತಾಯ್ತು ಬುಡು. ಸೂಜಿ ಕಂಡು ಎದರಿ ಕಣ್ಣು ಬುಟ್ಲು! ಕಾಯಿಲೆಯಾಗಿದ್ರೆ ಅಂಗೆ ಬುಡಾಕಾಯ್ತಿತ್ತಾ? ಬರೆ ಆಕಿದ್ರೂ ಇಂಗೇ ಬುಡೋಳು. ನಾಳೆ ನಮ್ಮಣ್ಣನಿಗೆ ಮಾತು ಕೊಟ್ಟು ಬತ್ತೀನಿ."

ಚಿಕ್ಕನಂಜಮ್ಮನಿಗೆ ಉತ್ತರ ಕೊಡಲೂ ನಾಲಿಗೆ ಹೊರಳಲಿಲ್ಲ. ಮದ್ದು ಹಿಡಿದರೂ ತಪ್ಪು, ಬಿಟ್ಟರೂ ತಪ್ಪು. ಮರಿಸಿದ್ದಯ್ಯ ಎದ್ದ. ಎತ್ತಿನ ಕಡೆಗೆ ಹೊರಟನೆಂದು ಅವಳು ಆಸೆ ಬಿಟ್ಟಳು. ಅವನು ಅವ್ವನ ಮುಂದೆ ಬಂದು ನಿಂತ.

"ಕಣ್ಣು ಸೂಜಿಗೆ ಎದರಿತು ಅನ್ನು ಅವ್ವ. ಸೂಜಿಗಿಂತ ಮುಂಚೇಲೇ ಕೈ ಸೋತೋಯ್ತಲ್ಲ, ಅದು ಯಾವುದಕ್ಕೆ ಎದರಿತು? ಗೂಟದ ಆ ಕಡೆ ನಾನಿದ್ದೆ ಕಣವ್ವ, ನೀನಿರ್ನಿಲ್ಲ."

"ನೀನು ಎಂಡ್ರ ಕಡೆಯೋನು."

"ಕಲ್ಲು ಯಾರ ಕಡೇದು? ಮಾವನಿಗೆ ಎಣ್ಣು ಬ್ಯಾಡ ಅಂತ ಏಳ್ಬುಟ್ಟು ಬಾ. ನೀನೋಗದಿದ್ರೆ ನಾನೋಯ್ತೀನಿ."

ಪುಟ್ಟಮಾದಮ್ಮ ಮಗನನ್ನೇ ದಿಟ್ಟಿಸಿದಳು. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಮೂಲೆಯ ಪೊರಕೆ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹಟ್ಟಿ ಗುಡಿಸತೊಡಗಿದಳು.

"ಬೈಗೆ ಗುಡಿಸೋದು ಇನ್ನು ನನ್ನ ಪಾಲಿಗೆ. ಏನು ಮಾಡೋದು, ಅಂಟಿಲ್ಲದ ನರದೋಳು ಬಂದವ್ಳೆ ಮನೆಗೆ."

ಅಷ್ಟರಲ್ಲಿ ಗುಳಿಗೆ ಕೆಲಸ ಹಿಡಿದಿತ್ತು. ಚಿಕ್ಕನಂಜಮ್ಮ ಕಣ್ಣು ಬಿಟ್ಟು ಕೇಳಿದಳು.

"ಕೂತ್ಕಂಡಿದ್ರೆ ಬೈಯ್ಯಾಕಿಲ್ವಾ ಅತ್ತೆವ್ವ?"

"ಬೈತೀನಿ ಕಣೇ. ಗುಡಿಸೋದೂ ನಾನೇ, ಬೈಯಾದೂ ಬ್ಯಾಡ್ವಾ?"